ಐದು ಜನ ಫ್ರೆಂಡ್ಸ್ ನಡೆಸೋ ಓಪನ್ ಸೋರ್ಸ್ ಪ್ರಾಜೆಕ್ಟಿಗೂ ಕೋಡ್ ಆಫ್ ಕಾಂಡಕ್ಟ್ ಬೇಕಾ?

"ಎಲ್ಲಾ ಫ್ರೆಂಡ್ಸೇ, ಇದುವರೆಗೂ ಜಗಳ ಆಗಿಲ್ಲ, ನಮ್ಮಲ್ಲೊಬ್ಬರು ಇದು ಫಾರಿನ್ ಪಾಲಿಟಿಕ್ಸ್ ಅಂತಾರೆ, ಇದೆಲ್ಲಾ ದೊಡ್ಡ ಪ್ರಾಜೆಕ್ಟ್‌ಗಳ ಶೋಕಿ ಅಲ್ವಾ" ಅಂತ ಕೇಳಿದೀರಲ್ಲ, ಇದೇ ಮಾತು ನಾನೂ ಆಡ್ತಿದ್ದೆ. ಆದ್ರೂ ನಮ್ಮ ಪ್ರಾಜೆಕ್ಟಲ್ಲಿ ಕೋಡ್ ಆಫ್ ಕಾಂಡಕ್ಟ್, ಅಂದ್ರೆ ಇಲ್ಲಿ ಒಬ್ಬರ ಜೊತೆ ಒಬ್ಬರು ಹೆಂಗ್ ನಡ್ಕೋಬೇಕು ಅನ್ನೋ ನಿಯಮದ ಫೈಲ್, ಇತ್ತು. ಇದ್ದಿದ್ದಕ್ಕೇ ಕೆಲಸ ಇನ್ನೂ ಕೆಡ್ತು.

ನಮ್ದು ಕೋಲಾರ. ನಾವು ಮೂರು ಜನ ಸೇರಿ ಟೊಮೇಟೊ ರೇಟ್ ತೋರಿಸೋ ಒಂದು ಆಪ್ ಮಾಡಿದ್ವಿ, ಕೋಡೆಲ್ಲಾ ಗಿಟ್‌ಹಬ್ ಅನ್ನೋ ಕೋಡ್ ಇಡೋ ಸೈಟಲ್ಲಿ ಓಪನ್, ಯಾರು ಬೇಕಾದ್ರೂ ನೋಡಿ ತಿದ್ದುಪಡಿ ಕಳಿಸಬಹುದು. ಸರ್ಕಾರದ ಸೈಟಲ್ಲಿ ರೇಟು ಕ್ವಿಂಟಾಲ್ ಲೆಕ್ಕದಲ್ಲಿರುತ್ತೆ, ನಮ್ಮ ಎಪಿಎಂಸಿ ಯಾರ್ಡಲ್ಲಿ ಹರಾಜು ಕೂಗೋದು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ, ಇದನ್ನ ಅದಕ್ಕೆ ಕನ್ವರ್ಟ್ ಮಾಡಿ ಕನ್ನಡದಲ್ಲಿ ತೋರಿಸೋದು, ಅಷ್ಟೇ. ಕೇಳೋಕೆ ಸಣ್ಣದು, ಆದ್ರೆ ಬೆಳಗ್ಗೆ ಗಾಡಿಗೆ ಮಾಲು ತುಂಬೋ ಮುಂಚೆ ನಮ್ಮ ಚಿಕ್ಕಪ್ಪ ಅದನ್ನೇ ತೆಗೆದು ನೋಡೋರು, ಅವರನ್ನ ನೋಡಿ ಊರಲ್ಲಿ ಇನ್ನೊಂದಷ್ಟು ಜನ ಹಾಕ್ಕೊಂಡಿದ್ರು.

ಮುಳಬಾಗಲು ಕಡೆಯ ಒಬ್ಬ ಹುಡುಗಿ, ಇನ್ನೂ ಇಂಜಿನಿಯರಿಂಗ್ ಓದ್ತಿದ್ಲು, ತಾನಾಗೇ ಬಂದು ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಕಳಿಸೋಕೆ ಶುರು ಮಾಡಿದ್ಲು. ಸರ್ಕಾರದ ಸೈಟಿನ ಪೇಜಿಂದ ರೇಟ್ ಎಳೆಯೋ ಭಾಗ ಇದೆಯಲ್ಲ, ನಾವು ಬರೆದಿದ್ದು ಎರಡು ದಿನಕ್ಕೊಂದ್ಸಲ ಕೈ ಕೊಡ್ತಿತ್ತು, ಅದನ್ನ ಪೂರ್ತಿ ಕಿತ್ತಾಕಿ ಹೊಸದಾಗಿ ಬರೆದ್ಲು. ನಿಜ ಹೇಳ್ಬೇಕಂದ್ರೆ ನಮ್ಮ ಮೂವರಿಗಿಂತ ಚೆನ್ನಾಗಿ ಬರೀತಿದ್ಲು. ಆದ್ರೆ ಮುಳಬಾಗಲು ಅಂದ್ಮೇಲೆ ಗೊತ್ತಲ್ಲ, ನಂಗಲಿ ದಾಟಿದ್ರೆ ಆಂಧ್ರ, ಮನೇಲಿ ತೆಲುಗು, ಅವಳು ಬರೆಯೋ ಕನ್ನಡದಲ್ಲಿ ಅದರ ಛಾಯೆ ಇರ್ತಿತ್ತು. ನಮ್ಮ ಮೂವರಲ್ಲಿ ಒಬ್ಬ, ಬೆಂಗಳೂರಲ್ಲಿ ದೊಡ್ಡ ಕೆಲಸದಲ್ಲಿದ್ದೋನು, ಪ್ರಾಜೆಕ್ಟಿಗೆ ಅವನೇ ಹಿರಿಯ ಅಂತಿಟ್ಕೊಳ್ಳಿ, ರಿವ್ಯೂ ಮಾಡುವಾಗ "ಇದು ಕನ್ನಡನಾ ಆಂಧ್ರದಿಂದ ಇಂಪೋರ್ಟಾ", "ಮೊದ್ಲು ಕನ್ನಡ ಕಲ್ತು ಬಾಮ್ಮ, ಆಮೇಲೆ ಕೋಡು" ಅಂತ ಎಲ್ಲರೂ ನೋಡೋ ಜಾಗದಲ್ಲೇ ಹಾಕೋನು. ಕೆಳಗೆ ನಾಲ್ಕು ಜನ ನಗೋ ಇಮೋಜಿ. ಅದರಲ್ಲಿ ಒಂದು ನಂದು. ನಮ್ಮನೇಲೂ ಮಾತಾಡೋದು ತೆಲುಗೇ!

ಈಗ ಆ ಫೈಲಿನ ವಿಷಯ. ಗಿಟ್‌ಹಬ್ಬಲ್ಲಿ ಕಮ್ಯುನಿಟಿ ಸ್ಟ್ಯಾಂಡರ್ಡ್ಸ್ ಅಂತ ಒಂದು ಚೆಕ್‌ಲಿಸ್ಟ್ ಇದೆ, ರೀಡ್‌ಮಿ ಇದ್ರೆ ಒಂದು ಹಸಿರು ಟಿಕ್, ಲೈಸೆನ್ಸ್ ಇದ್ರೆ ಒಂದು, ಕೋಡ್ ಆಫ್ ಕಾಂಡಕ್ಟ್ ಇದ್ರೆ ಇನ್ನೊಂದು. ಆ ಟಿಕ್ ಆಸೆಗೆ ಕಾಂಟ್ರಿಬ್ಯೂಟರ್ ಕವೆನಂಟ್ ಅನ್ನೋ ರೆಡಿಮೇಡ್ ಟೆಂಪ್ಲೇಟ್ ಆರಿಸಿ ಹಾಕಿಬಿಟ್ಟೆ. 2014ರಲ್ಲಿ ಕೊರಲೈನ್ ಅಡಾ ಎಮ್ಕಿ ಅನ್ನೋರು ಬರೆದಿದ್ದು ಅದು, ಈಗ ಸಾವಿರಾರು ಪ್ರಾಜೆಕ್ಟುಗಳು ಬಳಸ್ತವೆ. ಅದರಲ್ಲಿ ದೂರು ಎಲ್ಲಿಗೆ ಕೊಡ್ಬೇಕು ಅನ್ನೋ ಜಾಗದಲ್ಲಿ ಚೌಕದ ಬ್ರಾಕೆಟ್ ಹಾಕಿ ಖಾಲಿ ಬಿಟ್ಟಿರ್ತಾರೆ, ನಿಮ್ಮ ವಿಳಾಸ ತುಂಬಿಸಿ ಅಂತ. ಎಷ್ಟೋ ಜನ ತುಂಬಿಸೋದೇ ಇಲ್ಲ, ಬ್ರಾಕೆಟ್ ಸಮೇತ ಹಂಗೇ ಬಿಟ್ಟಿರ್ತಾರೆ, ಹುಡುಕಿದ್ರೆ ಬೇಕಾದಷ್ಟು ಸಿಗುತ್ತೆ. ನಾನು ತುಂಬಿಸಿದೆ. ಪ್ರಾಜೆಕ್ಟಿನ ಕಾಮನ್ ಜಿಮೇಲ್ ಐಡಿ ಹಾಕಿದೆ.

ನಾನು ಮಾಡಿದ ತಪ್ಪು ಇದೊಂದೇ ಅಂತ ಹೇಳಲ್ಲ, ಆದ್ರೆ ಹೊಡೆತ ಕೊಟ್ಟಿದ್ದು ಇದು, ಅದಕ್ಕೇ ಬಿಡಿಸಿ ಹೇಳ್ತೀನಿ. ಆ ಐಡಿಯ ಪಾಸ್‌ವರ್ಡ್ ಮೂವರಿಗೂ ಗೊತ್ತಿತ್ತು. ಅಕೌಂಟ್ ಓಪನ್ ಮಾಡಿದ್ದು ಆ ಬೆಂಗಳೂರಿನವನು, ಅವನ ನಂಬರಲ್ಲಿ, ಅವನ ಫೋನಲ್ಲಿ ಅದು ಯಾವಾಗ್ಲೂ ಲಾಗಿನ್ ಆಗಿರೋದು, ಮೇಲ್ ಬಂದ್ರೆ ಮೊದಲು ಟಿಂಗ್ ಅನ್ನೋದು ಅವನ ಜೇಬಲ್ಲಿ. ಹಾಕುವಾಗ ನನ್ನ ತಲೇಲಿ ಇದ್ದಿದ್ದು, ಮೂವರೂ ನೋಡ್ತೀವಿ, ಮುಚ್ಚುಮರೆ ಇಲ್ಲ, ಇದಕ್ಕಿಂತ ನ್ಯಾಯ ಇನ್ನೇನಿದೆ ಅಂತ. ದೂರು ಬರೋದು ಯಾವಾಗ್ಲೂ ಹೊರಗಿನವರ ಮೇಲೇ ಅಂತ ಅಂದ್ಕೊಂಡಿದ್ದೆ, ಅದೇ ಬುಡ. ಯಾರೋ ಗೊತ್ತಿಲ್ಲದವನು ಬಂದು ಬೈತಾನೆ, ನಾವು ಮೂವರು ಕೂತು ಅವನನ್ನ ಬ್ಲಾಕ್ ಮಾಡ್ತೀವಿ, ಇಷ್ಟೇ ನನ್ನ ಕಲ್ಪನೆ. ನಮ್ಮಲ್ಲೇ ಒಬ್ಬನ ಮೇಲೆ ಬಂದ್ರೆ ಅನ್ನೋದು ಹೊಳೀಲೇ ಇಲ್ಲ. ಅದೇ ಫೈಲಲ್ಲಿ ಇನ್ನೊಂದು ಸಾಲಿದೆ, ದೂರು ಕೊಟ್ಟವರ ಗುಟ್ಟನ್ನ, ಸುರಕ್ಷತೆನ ಕಾಪಾಡೋದು ನಡೆಸೋರ ಹೊಣೆ ಅಂತ. ಅದನ್ನ ನಾನು ಓದೇ ಇರ್ಲಿಲ್ಲ. ಅವಳು ಓದಿದ್ಲು. ಓದಿ, ನಂಬಿ, ಆ ಐಡಿಗೆ ಬರೆದ್ಲು.

ಮೇಲ್ ನಾನು ನೋಡೋ ಹೊತ್ತಿಗೆ ಅದರ ಸ್ಕ್ರೀನ್‌ಶಾಟ್ ನಮ್ಮ ಟೆಲಿಗ್ರಾಂ ಗ್ರೂಪಲ್ಲಿ ಬಿದ್ದಿತ್ತು, "ನನ್ ಮೇಲೆ ಕಂಪ್ಲೇಂಟ್ ಬಂದಿದೆ ನೋಡ್ರಪ್ಪ, ಜೋಕೂ ಮಾಡಂಗಿಲ್ವಂತೆ". ಹೆಸರೂ ಮುಚ್ಚಿರ್ಲಿಲ್ಲ. ಅವಳೂ ಆ ಗ್ರೂಪಲ್ಲಿದ್ಲು. ಗ್ರೂಪ್ ಬಿಟ್ಲು, ಬಾಕಿಯಿದ್ದ ಪುಲ್ ರಿಕ್ವೆಸ್ಟ್ ಎಲ್ಲಾ ಮುಚ್ಚಿದ್ಲು, ನಾನು ಕಳಿಸಿದ ಸಾರಿ ಮೆಸೇಜಿಗೆ ಉತ್ತರ ಬರ್ಲಿಲ್ಲ, ಬರ್ಬೇಕಾಗೂ ಇರ್ಲಿಲ್ಲ. ಫೈಲ್ ಇರದಿದ್ರೆ ಸುಮ್ನೆ ಬೇಜಾರಾಗಿ ಹೋಗ್ತಿದ್ಲೇನೋ, ನಾವು ಮಾತು ಕೊಟ್ಟು ಕರೆದು ಬೀದಿಗೆ ನಿಲ್ಲಿಸಿದಂಗಾಯ್ತು.

ಆಮೇಲೆ 2023ರ ಜುಲೈ ಬಂತು. ನೆನಪಿರ್ಬೇಕಲ್ಲ, ಕೋಲಾರದಲ್ಲಿ ಬಾಕ್ಸು 2,000 ದಾಟಿದ್ದು, ತೋಟಕ್ಕೆ ರಾತ್ರಿ ಕಾವಲು ಕೂತಿದ್ದು. ಸರಿಯಾಗಿ ಅದೇ ಟೈಮಲ್ಲಿ ಸರ್ಕಾರದ ಸೈಟಿನ ಪೇಜ್ ಬದಲಾಯ್ತು, ಅವಳು ಬರೆದ ಕೋಡು ನಮಗ್ಯಾರಿಗೂ ತಲೆಗೆ ಹತ್ತಲಿಲ್ಲ, ಆಪ್ ಹಳೇ ರೇಟೇ ತೋರಿಸ್ತಾ ಕೂತ್ಕೊಂತು. ಚಿಕ್ಕಪ್ಪ ಫೋನ್ ಮಾಡಿ ಬೈದ್ರು, ಡಿಲೀಟ್ ಮಾಡಿದ್ರು. ಪ್ರಾಜೆಕ್ಟ್ ಅಲ್ಲಿಗೆ ಮುಗೀತು.

ಅದಕ್ಕೇ ನಿಮ್ಮ "ಬೇಕಾ ಬೇಡ್ವಾ" ಅನ್ನೋ ಪ್ರಶ್ನೆನೇ ತಪ್ಪು ಅಂತೀನಿ ನಾನು. ಫೈಲ್ ಇದ್ರೂ ಇರದಿದ್ರೂ ಕೇಳ್ಕೋಬೇಕಾದ್ದು ಒಂದೇ: ನಿಮ್ಮೊಳಗಿನ ದೊಡ್ಡವನ ಮೇಲೆ ದೂರು ಬಂದ್ರೆ ಯಾರು ಓದ್ತಾರೆ, ಅವನ ಕಮಿಟ್ ಆಕ್ಸೆಸ್ (ನೇರವಾಗಿ ಕೋಡ್ ಸೇರಿಸೋ ಅಧಿಕಾರ) ತೆಗೆಯೋ ಧೈರ್ಯ ಮತ್ತೆ ಬಟನ್ ಯಾರ ಹತ್ರ ಇದೆ?

ದೊಡ್ಡ ಪ್ರಾಜೆಕ್ಟ್‌ಗಳೂ ಎಡವಿರೋದು ಇಲ್ಲೇ. ಲಿನಕ್ಸ್ ಕರ್ನಲ್ಲಲ್ಲಿ, ಅಂದ್ರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ ಪ್ರಾಜೆಕ್ಟಲ್ಲಿ, 2015ರಲ್ಲಿ ಕೋಡ್ ಆಫ್ ಕಾನ್‌ಫ್ಲಿಕ್ಟ್ ಅಂತ ಒಂದು ಪುಟ್ಟ ಫೈಲ್ ಹಾಕಿದ್ರು, ಒಳ್ಳೇವರಾಗಿರಿ ಅನ್ನೋ ಥರ. ಆದ್ರೆ ಎಲ್ಲರಿಗಿಂತ ಖಾರವಾಗಿ ಬೈಯೋರು ಅಂತ ಹೆಸರಾಗಿದ್ದೋರು ಅದನ್ನ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸೇ, ಅವರಿಗೆ ಹೇಳೋರು ಯಾರು? 2018ರ ಸೆಪ್ಟೆಂಬರಲ್ಲಿ ಅವರೇ ಕ್ಷಮೆ ಕೇಳಿ ಸ್ವಲ್ಪ ದಿನ ರಜಾ ತಗೊಂಡ್ರು, ಹಳೇದು ತೆಗೆದು ಕಾಂಟ್ರಿಬ್ಯೂಟರ್ ಕವೆನಂಟ್ ಆಧಾರದ ಹೊಸದು ಹಾಕಿದ್ರು, ಆಗ ಲಿನಕ್ಸ್ ಕಥೆ ಮುಗೀತು ಅಂತ ಬಾಯಿ ಬಡ್ಕೊಂಡೋರು ಎಷ್ಟು ಜನ. ಏನೂ ಮುಗೀಲಿಲ್ಲ. 2024ರಲ್ಲಿ ಅಲ್ಲಿನ ಕೋಡ್ ಆಫ್ ಕಾಂಡಕ್ಟ್ ಕಮಿಟಿ ಒಬ್ಬ ಫೈಲ್‌ಸಿಸ್ಟಮ್ ಮೇಂಟೇನರ್‌ದು (ಡಿಸ್ಕಲ್ಲಿ ಫೈಲ್ ಇಡೋ ಭಾಗ ನೋಡ್ಕೊಳ್ಳೋರು) 6.13 ವರ್ಷನ್ನಿನ ಸೈಕಲ್ಲಲ್ಲಿ ಪುಲ್ ರಿಕ್ವೆಸ್ಟ್ ತಗೋಬೇಡಿ ಅಂತ ಹೇಳ್ತು, ತಗೊಳ್ಳಲಿಲ್ಲ. ಸರಿನೋ ತಪ್ಪೋ ಜನ ಇನ್ನೂ ಕಿತ್ತಾಡ್ತಾರೆ, ಆದ್ರೆ ಅಲ್ಲಿ ಬಟನ್ ಒತ್ತೋರು ಇದಾರೆ. ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆದು ಉಲ್ಟಾ. ಶುರುವಿಂದ್ಲೂ ಕೋಡ್ ಆಫ್ ಕಾಂಡಕ್ಟ್ ಇತ್ತು, ಅದಕ್ಕಂತಲೇ ಮಾಡರೇಶನ್ ಟೀಮ್ ಇತ್ತು, 2021ರ ನವೆಂಬರಲ್ಲಿ ಆ ಟೀಮ್ ಒಟ್ಟಿಗೇ ರಾಜೀನಾಮೆ ಕೊಡ್ತು, ಮೇಲೆ ಕೂತಿರೋ ಕೋರ್ ಟೀಮ್ ಯಾರಿಗೂ ಉತ್ತರ ಕೊಡ್ಬೇಕಾಗಿಲ್ಲ ಅನ್ನೋ ಹಂಗಾಗಿದೆ ಅಂತ. ನಮ್ಮ ಜಿಮೇಲ್ ಕಥೆಗೂ ಇದಕ್ಕೂ ಬಹಳ ವ್ಯತ್ಯಾಸ ಏನಿಲ್ಲ, ಅವರು ದೊಡ್ಡವರು ಅಷ್ಟೇ.

ಇನ್ನು ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್‌ನವರು 2018ರಲ್ಲಿ ಆರನೇ ಶತಮಾನದ ಕ್ರೈಸ್ತ ಸನ್ಯಾಸಿಗಳ ನಿಯಮಗಳನ್ನೇ ಹಾಕ್ಕೊಂಡ್ರು, ದೇವರನ್ನ ಪ್ರೀತಿಸು ಅನ್ನೋದ್ರಿಂದ ಶುರು. ಅವರಿಗೆ ನಡೆಯುತ್ತೆ, ಅವರು ಹೊರಗಿನವರ ಕೋಡ್ ತಗೊಳ್ಳೋದೇ ಹೆಚ್ಚುಕಮ್ಮಿ ಇಲ್ಲ. ನಿಮ್ಮ ಪ್ರಾಜೆಕ್ಟೂ ಐದು ಜನಕ್ಕೇ ಇರುತ್ತೆ, ಹೊರಗಿನವರು ಬೇಡ ಅಂದ್ರೆ ನಿಮಗೂ ಏನೂ ಬೇಡ, ಆರಾಮಾಗಿರಿ. ಆರನೆಯವರು ಬರ್ಲಿ ಅಂತ ಇದ್ರೆ ಮಾತ್ರ ಯೋಚನೆ ಮಾಡಿ, ಯಾಕಂದ್ರೆ ಫ್ರೆಂಡ್ಸ್ ಒಬ್ಬರಿಗೊಬ್ಬರು ಬೈದ್ರೆ ಸಂಜೆ ಟೀ ಅಂಗಡೀಲಿ ಸರಿಹೋಗುತ್ತೆ, ಆರನೆಯವರಿಗೆ ಆ ಟೀ ಅಂಗಡಿ ಇಲ್ಲ.

"ಕೋಡ್ ಚೆನ್ನಾಗಿದ್ರೆ ಸಾಕು, ಮಾತು ಹೆಂಗಿದ್ರೇನು" ಅನ್ನೋರಿಗೆ ನಂದು ಒಂದೇ ಉತ್ತರ, ನಮ್ಮಲ್ಲಿ ಚೆನ್ನಾಗಿ ಕೋಡ್ ಬರೀತಿದ್ದೋಳೇ ಹೋಗಿದ್ದು.

ಮಾಡೋದಾದ್ರೆ ಹಿಂಗ್ ಮಾಡಿ. ಟೆಂಪ್ಲೇಟ್ ಬೇಕಿದ್ರೆ ತಗೊಳ್ಳಿ, ಬೇಡದಿದ್ರೆ ಕನ್ನಡದಲ್ಲೇ ಅರ್ಧ ಪುಟ ಬರೀರಿ, ಊರು, ಜಾತಿ, ಮಾತಾಡೋ ಧಾಟಿ ಹಿಡಿದು ಆಡ್ಕೊಳ್ಳಂಗಿಲ್ಲ ಅಂತ ಬಿಡಿಸಿ ಹಾಕಿ. ದೂರಿಗೆ ಕಾಮನ್ ಐಡಿ ಖಂಡಿತ ಬೇಡ. ಇಬ್ಬರ ಹೆಸರು, ಬೇರೆ ಬೇರೆ ಐಡಿ, ಒಬ್ಬರು ಪ್ರಾಜೆಕ್ಟಿನ ಹೊರಗಿನವರಾದ್ರೆ ಇನ್ನೂ ಒಳ್ಳೇದು, ನಿಮ್ಮ ಹಳೇ ಮೇಡಂ ಯಾರಾದ್ರೂ ಇದ್ರೆ ಕೇಳಿ ನೋಡಿ. ಗಿಟ್‌ಹಬ್ಬಿನ ಆರ್ಗನೈಸೇಶನ್ ಅಕೌಂಟಲ್ಲಿ ಓನರ್ ಒಬ್ಬರೇ ಇದ್ರೆ ಇವತ್ತೇ ಇನ್ನೊಬ್ಬರನ್ನ ಮಾಡಿ. ಕವೆನಂಟಿನ 2.0 ವರ್ಷನ್ನಲ್ಲಿ ನಾಲ್ಕು ಹಂತ ಕೊಟ್ಟಿದಾರೆ, ಮೊದಲು ತಿದ್ದೋದು, ಆಮೇಲೆ ಎಚ್ಚರಿಕೆ, ಸ್ವಲ್ಪ ದಿನದ ಬ್ಯಾನ್, ಕೊನೆಗೆ ಪರ್ಮನೆಂಟ್, ಅದು ಚೆನ್ನಾಗಿದೆ, ಮೊದಲ ಹಂತದಲ್ಲೇ ನಾನು ಅವನಿಗೆ "ಸಾಕು ಬಿಡೋ" ಅಂದಿದ್ರೆ ಮುಗೀತಿತ್ತು.

ಮತ್ತೆ ನಿಮ್ಮಲ್ಲಿ ಒಬ್ಬರು ಇದೆಲ್ಲಾ ಫಾರಿನ್ ಪಾಲಿಟಿಕ್ಸ್ ಅಂತಾರೆ ಅಂದ್ರಲ್ಲ, ಅವರ ಹತ್ರ ವಾದ ಮಾಡ್ಬೇಡಿ. ಪ್ರಾಜೆಕ್ಟಿನ ಜಿಮೇಲ್ ಯಾರ ನಂಬರಲ್ಲಿದೆ ಅಂತ ಮಾತ್ರ ಕೇಳಿ.