ಅಜ್ಜಿಯ ಹಾಡಿನ ರೆಕಾರ್ಡಿಂಗಿನಿಂದ ಮಳೆ ಸದ್ದು, ಮಾರ್ದನಿ ತೆಗೆಯುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಂಕೋಲೆಯ ಹೊಸ ಮನೆಯ ಹಾಲಿನಲ್ಲಿ ಕೂರಿಸಿ ಅಜ್ಜಿಯ ಮದುವೆ ಹಾಡುಗಳನ್ನು ಫೋನಿನಲ್ಲಿ ಹಿಡಿದಿದ್ದೀರಿ, ನಲವತ್ತು ನಿಮಿಷ. ಹೊರಗೆ ಮಳೆ, ತಲೆ ಮೇಲೆ ಫ್ಯಾನು, ದನಿಯ ಬೆನ್ನಿಗೇ ಹಾಲಿನ ಗುಂಯ್ ಎನ್ನುವ ಮಾರ್ದನಿ. ಯಾವುದೋ ಆ್ಯಪಿಗೆ ಹಾಕಿದ ಮೇಲೆ ಅಜ್ಜಿ ತಗಡಿನ ಡಬ್ಬಿಯೊಳಗೆ ಕೂತು ಹಾಡಿದ ಹಾಗಾಯಿತು. ಇವೆಲ್ಲವನ್ನೂ ಪೂರ್ತಿ ತೆಗೆಯುವುದು ಹೇಗೆ ಎಂದು ಕೇಳಿದ್ದೀರಿ.

ನಾನು ಶಿರಸಿ ಕಡೆಯವನು. ಹನ್ನೆರಡು ವರ್ಷಗಳಿಂದ ನೆಂಟರಿಷ್ಟರ ಮನೆಗಳಲ್ಲಿ ಸಂಪ್ರದಾಯದ ಹಾಡು, ಮಳೆಗಾಲದ ತಾಳಮದ್ದಳೆ ರೆಕಾರ್ಡ್ ಮಾಡುತ್ತ ಬಂದಿದ್ದೇನೆ. ನೀವು ಹೇಳಿದ ಮೂರೂ ತೊಂದರೆ ನನಗೂ ಆಗಿವೆ. ಫ್ಯಾನಿನ ಸದ್ದು ಬಹುಪಾಲು ಹೋಗುತ್ತದೆ. ಮಳೆ ಅರ್ಧಂಬರ್ಧ ಹೋಗುತ್ತದೆ. ಮಾರ್ದನಿ ಹೋಗುವುದಿಲ್ಲ ಎಂದೇ ತಿಳಿದುಕೊಳ್ಳಿ. ಅಜ್ಜಿಗೆ ಇನ್ನೂ ಹಾಡುವ ತ್ರಾಣ ಇದ್ದರೆ ಈ ಕಂಪ್ಯೂಟರ್ ಕೆಲಸಕ್ಕಿಂತ ಮೊದಲು ಅವರನ್ನು ಇನ್ನೊಮ್ಮೆ ಹಾಡಿಸಿ.

ಮಾರ್ದನಿ ಯಾಕೆ ಹೋಗುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫ್ಯಾನಿನ ಸದ್ದು ಅಜ್ಜಿಯದಲ್ಲ, ಅದು ಬೇರೆ. ಅವರು ಬಾಯಿ ತೆರೆಯುವ ಮೊದಲೂ ಅದು ಇತ್ತು, ಹಾಡು ನಿಂತ ಮೇಲೂ ಇತ್ತು. ಹಾಗಾಗಿ ಅದರ ಗುರುತು ಹಿಡಿದು ಕಳೆಯಬಹುದು. ಮಾರ್ದನಿ ಹಾಗಲ್ಲ, ಅದು ಅಜ್ಜಿಯದೇ ದನಿ. ಯಾಣದ ಬಂಡೆಯೆದುರು ದೂರ ನಿಂತು ಕೂಗಿದರೆ ಕೂಗು ಬೇರೆ, ಮರಳಿ ಬಂದದ್ದು ಬೇರೆ ಎಂದು ಕಿವಿಗೆ ತಿಳಿಯುತ್ತದೆ. ಅದಕ್ಕೆ ಬಂಡೆ ಕನಿಷ್ಠ 17 ಮೀಟರ್ ಆಚೆ ಇರಬೇಕು ಎಂದು ಶಾಲೆಯಲ್ಲಿ ಓದಿದ್ದು ನಿಮಗೂ ನೆನಪಿರಬಹುದು. ನಿಮ್ಮ ಹಾಲಿನಲ್ಲಿ ಗೋಡೆ ಮೂರು ಮೀಟರ್ ದೂರದಲ್ಲಿದ್ದರೆ ದನಿ ಸುಮಾರು 18 ಮಿಲಿಸೆಕೆಂಡಿನಲ್ಲೇ ವಾಪಸ್ ಬರುತ್ತದೆ. ಒಂದು ಗೋಡೆಯಿಂದಲ್ಲ, ನಾಲ್ಕೂ ಗೋಡೆ, ಸ್ಲ್ಯಾಬು, ಟೈಲ್ಸು ಎಲ್ಲದರಿಂದಲೂ. ಒಂದೊಂದಕ್ಕೂ ಬಡಿದು ಮತ್ತೆ ಇನ್ನೊಂದಕ್ಕೆ ಬಡಿದು ನೂರಾರು ನಕಲುಗಳು ಒಂದರ ಮೇಲೊಂದು ಬಿದ್ದು ಬಾಲದ ಹಾಗೆ ಎಳೆಯುತ್ತವೆ. ಇದಕ್ಕೆ ಅನುರಣನ ಎನ್ನುತ್ತಾರೆ. 'ಹಸಿರು' ಎಂದು ಹಾಡುವಾಗ 'ಹ'ದ ಬಾಲ 'ಸಿ'ಯ ಮೇಲೆ ಕೂತಿರುತ್ತದೆ, 'ಸಿ'ಯದ್ದು 'ರು' ಮೇಲೆ. ಯಾವುದನ್ನು ಕಳೆಯುತ್ತೀರಿ? ಬಾಲ ಕತ್ತರಿಸಲು ಹೋದರೆ ಅಕ್ಷರವೂ ಹರಿದು ಬರುತ್ತದೆ. ನಿಮ್ಮ ಆ್ಯಪು ಮಾಡಿದ್ದು ಅದನ್ನೇ.

ಮೊದಲು ಫ್ಯಾನಿನ ಕೆಲಸ ಮುಗಿಸಿ. ಅಡಾಸಿಟಿ ಎಂಬ ತಂತ್ರಾಂಶ ಸಾಕು. 2000ದಿಂದ ಇದೆ, ಹಣ ಕೊಡಬೇಕಿಲ್ಲ. ಮೂಲ ಕಡತದ ನಕಲು ಮಾಡಿಕೊಂಡು ನಕಲಿನ ಮೇಲೆ ಮಾತ್ರ ಕೈ ಇಡಿ. ಹೈ ಪಾಸ್ ಫಿಲ್ಟರಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಇಳಿಸಿ. ಹೆಂಗಸರ ದನಿ ಅಷ್ಟು ಕೆಳಗೆ ಇಳಿಯುವುದಿಲ್ಲ. ಅಲ್ಲಿ ಇರುವುದು ನೆಲದ ಅದುರು, ಗಾಳಿ, ಮತ್ತು ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ. (ಮದ್ದಳೆ ಇರುವ ರೆಕಾರ್ಡಿಂಗಿಗೆ ಇದನ್ನು ಮಾಡಬೇಡಿ, ಮದ್ದಳೆಯ ಹೊಟ್ಟೆ ಖಾಲಿಯಾಗುತ್ತದೆ.) ಆಮೇಲೆ ಅಜ್ಜಿ ಹಾಡು ಶುರು ಮಾಡುವ ಮೊದಲಿನ ಎರಡು ಮೂರು ಸೆಕೆಂಡು, ಬರೀ ಫ್ಯಾನು ಮತ್ತು ಮಳೆ ಕೇಳುವ ಜಾಗ ಆರಿಸಿಕೊಂಡು ನಾಯ್ಸ್ ರಿಡಕ್ಷನ್‌ನಲ್ಲಿ ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ. ಅದು ಆ ಸದ್ದನ್ನು ಏರುಸ್ವರ ಇಳಿಸ್ವರದ ಸಣ್ಣ ಸಣ್ಣ ಪಟ್ಟಿಗಳಾಗಿ ಬಿಡಿಸಿ ಯಾವ ಪಟ್ಟಿಯಲ್ಲಿ ಎಷ್ಟು ಗಲಾಟೆ ಎಂದು ಅಳೆದಿಟ್ಟುಕೊಳ್ಳುತ್ತದೆ. ಆಮೇಲೆ ಪೂರ್ತಿ ಹಾಡನ್ನು ಆರಿಸಿ 6 ಡೆಸಿಬೆಲ್ ಮಾತ್ರ ಇಳಿಸಿ. ಸಾಲದಿದ್ದರೆ ಇನ್ನೊಂದು ಸಲ, ಹೊಸದಾಗಿ ಪ್ರೊಫೈಲ್ ತೆಗೆದು, ಮತ್ತೆ 4 ಅಥವಾ 5.

ಒಮ್ಮೆಗೇ 24 ಕೊಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತು. ಹಿಂದಿನ ಸದ್ದು ಸತ್ತೇ ಹೋಗುತ್ತದೆ, ಆದರೆ ದನಿಯ ಸುತ್ತ ನೀರಿನ ಗುಳ್ಳೆ ಒಡೆದ ಹಾಗೆ ಚಿಲಿಪಿಲಿ ಹುಟ್ಟುತ್ತದೆ. ಸದ್ದನ್ನು ಅಳೆದು ಕಳೆಯುವ ಈ ಉಪಾಯವನ್ನು ಸ್ಟೀವನ್ ಬೋಲ್ ಎಂಬವರು 1979ರಲ್ಲೇ ಬರೆದಿಟ್ಟಿದ್ದಾರೆ. ಈ ಚಿಲಿಪಿಲಿಯ ಕಾಟ ಅಂದಿನಿಂದಲೂ ಅದರ ಜೊತೆಗೇ ಇದೆ. ಅಡಾಸಿಟಿಯಲ್ಲಿ ರೆಸಿಡ್ಯೂ ಎಂಬ ಆಯ್ಕೆ ಇದೆ, ದಯವಿಟ್ಟು ಬಳಸಿ. ತೆಗೆದುಹಾಕಿದ್ದು ಏನು ಎಂಬುದನ್ನಷ್ಟೇ ಅದು ಕೇಳಿಸುತ್ತದೆ. ಅಲ್ಲಿ ಹಾಡಿನ ಒಂದು ಅಕ್ಷರ ಕಿವಿಗೆ ಬಿದ್ದರೂ ನೀವು ಅಜ್ಜಿಯ ದನಿಯನ್ನೇ ಎಸೆಯುತ್ತಿದ್ದೀರಿ ಎಂದರ್ಥ, ಕಡಿಮೆ ಮಾಡಿ.

ಮಳೆ ಒಂದೇ ಸಮ ಹೊಯ್ಯುತ್ತಿದ್ದರೆ ಫ್ಯಾನಿನಂತೆಯೇ ಇಳಿಯುತ್ತದೆ. ಏರಿ ಇಳಿದಿದ್ದರೆ ನಲವತ್ತು ನಿಮಿಷಕ್ಕೆ ಒಂದೇ ಪ್ರೊಫೈಲ್ ಸಾಲದು, ಒಂದೊಂದು ಹಾಡಿಗೂ ಅದರದೇ ಹಿಂದು ಮುಂದಿನ ಮೌನದಿಂದ ಬೇರೆ ತೆಗೆಯಿರಿ. ಕಾರವಾರದಲ್ಲಿ ಕಡಲ ದಂಡೆಯ ಪಕ್ಕದ ಮನೆಯೊಂದರಲ್ಲಿ ನನಗೆ ಇದೇ ತೊಂದರೆ ಆಗಿತ್ತು. ತೆರೆ ಬಂದಾಗ ಒಂದು ಸದ್ದು, ಹಿಂದೆ ಸರಿದಾಗ ಇನ್ನೊಂದು. ಕೊನೆಗೆ ಕಡಲನ್ನು ಹಾಗೆಯೇ ಬಿಟ್ಟೆ, ಕೇಳಿದವರಿಗೂ ಅದು ಅಡ್ಡಿ ಅನ್ನಿಸಲಿಲ್ಲ. ಸೂರಿನಿಂದ ಟಪ್ ಟಪ್ ಎಂದು ಬೀಳುವ ಹನಿ ಮಾತ್ರ ಈ ವಿಧಾನಕ್ಕೆ ಸಿಗುವುದಿಲ್ಲ. ಜೀರುಂಡೆ ಇದ್ದರೆ ಸ್ಪೆಕ್ಟ್ರೋಗ್ರಾಮ್ ನೋಟದಲ್ಲಿ (ಏರುಸ್ವರ ಮೇಲೆ, ಇಳಿಸ್ವರ ಕೆಳಗೆ ಬರುವ ಹಾಗೆ ಸದ್ದನ್ನು ಚಿತ್ರವಾಗಿ ತೋರಿಸುವ ನೋಟ) ಮೇಲ್ಗಡೆ ಒಂದು ಗೆರೆ ಎಳೆದ ಹಾಗೆ ಕಾಣುತ್ತದೆ, ಆ ಗೆರೆಯನ್ನಷ್ಟೇ ಇಳಿಸಬಹುದು.

ಈಗ ಎಐ ಉಪಕರಣಗಳ ವಿಷಯ. ಅಡೋಬಿ ಪಾಡ್‌ಕಾಸ್ಟಿನಂಥವು ಮಾರ್ದನಿಯನ್ನೂ ತೆಗೆದುಹಾಕುತ್ತವೆ, ನಿಜ. ಮಾತಿಗೆ ಅವು ಚೆನ್ನಾಗಿವೆ. ಹಾಡುಗಳ ನಡುವೆ ಅಜ್ಜಿ ಕಥೆ ಹೇಳಿದ ಭಾಗಕ್ಕೆ ಹಾಕಿ ನೋಡಿ, ಬಂದದ್ದನ್ನು ಮೂಲದ ಜೊತೆ ಅರ್ಧಕ್ಕರ್ಧ ಬೆರೆಸಿ. ಹಾಡಿಗೆ ಬೇಡ. ಅವು ಕಲಿತದ್ದು ಮಾತನ್ನು. ಎಳೆದು ನಿಲ್ಲಿಸಿದ ಸ್ವರ, ಮುದಿ ದನಿಯ ನಡುಕ ಕೆಲವೊಮ್ಮೆ ಅವಕ್ಕೆ ಸದ್ದಿನ ಹಾಗೆ ಕಾಣುತ್ತದೆ. ನನ್ನ ದೊಡ್ಡಾಯಿಯ ಹಾಡೊಂದನ್ನು ಹೀಗೆ ಶುದ್ಧ ಮಾಡಿ ಅವರಿಗೇ ಕೇಳಿಸಿದ್ದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿ, 'ತಮಾ, ಇದು ಯನ್ನ ದನಿ ಅಲ್ದ' ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಸ್ವರದ ಕೊನೆಯ ಬಳುಕು ಪೂರ್ತಿ ಹೋಗಿತ್ತು.

ಇರುವ ಕಡತದಲ್ಲಿ ಮಾರ್ದನಿಯ ಕಿರಿಕಿರಿಯನ್ನು ಒಂದಿಷ್ಟು ಕಡಿಮೆ ಮಾಡಬಹುದು. ಈಕ್ವಲೈಸರಿನಲ್ಲಿ 200ರಿಂದ 400 ಹರ್ಟ್ಸ್ ನಡುವೆ ಮೂರು ನಾಲ್ಕು ಡೆಸಿಬೆಲ್ ತಗ್ಗಿಸಿ. ಸಾಲು ಮುಗಿದ ಮೇಲಿನ ಬಾಲವನ್ನು ಕೈಯಿಂದಲೇ ಮೆಲ್ಲಗೆ ಇಳಿಸಿ. ಇಷ್ಟೇ.

ಇನ್ನು ಮರಳಿ ಹಾಡಿಸುವುದು. ದೊಡ್ಡಾಯಿಯ ಮೊದಲ ರೆಕಾರ್ಡಿಂಗೂ ನಿಮ್ಮದರಂತೆಯೇ ಹೊಸ ಹಾಲಿನಲ್ಲಿ ಆಗಿತ್ತು. ಎರಡನೆಯ ಸಲ ಅವರನ್ನು ಅಡಿಕೆ ಚೀಲ ಒಟ್ಟಿದ ಸಣ್ಣ ಕೋಣೆಯಲ್ಲಿ ಕೂರಿಸಿದೆ. ಮೂರು ಕಡೆ ಗೋಣಿ, ಬೆನ್ನ ಹಿಂದೆ ಹಗ್ಗಕ್ಕೆ ಹಾಕಿದ ಎರಡು ಕಂಬಳಿ, ನೆಲಕ್ಕೆ ಹಾಸಿಗೆ. ಮಾತಾಡಿದರೆ ದನಿ ಬಾಯಿಯ ಹತ್ತಿರವೇ ನಿಂತ ಹಾಗಾಯಿತು. 1895ರ ಹೊತ್ತಿಗೆ ಹಾರ್ವರ್ಡಿನಲ್ಲಿ ವ್ಯಾಲೇಸ್ ಸೇಬಿನ್ ಎಂಬ ಮೇಷ್ಟ್ರು ಮಾಡಿದ್ದೂ ಇಂಥದೇ ಕೆಲಸ. ಹೊಸದಾಗಿ ಕಟ್ಟಿದ ಉಪನ್ಯಾಸದ ಕೋಣೆಯಲ್ಲಿ ದನಿ ಐದೂವರೆ ಸೆಕೆಂಡು ಎಳೆಯುತ್ತಿತ್ತಂತೆ, ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಬೇರೆ ಸಭಾಂಗಣದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಎಷ್ಟು ಮೆತ್ತೆಗೆ ಎಷ್ಟು ಹೊತ್ತು ಇಳಿಯಿತು ಎಂದು ಗಡಿಯಾರ ಹಿಡಿದು ಅಳೆದರು. ಮೆತ್ತೆ, ಕಂಬಳಿ, ಗೋಣಿ, ಕೊನೆಗೆ ಕೂತ ಜನರ ಮೈ ಬಟ್ಟೆ, ಎಲ್ಲವೂ ದನಿಯನ್ನು ಕುಡಿಯುತ್ತವೆ. ನಯವಾದ ಗೋಡೆ, ಟೈಲ್ಸು ಕುಡಿಯುವುದಿಲ್ಲ. ಖಾಲಿ ಹೊಸ ಮನೆ ಗುಂಯ್ ಎನ್ನುವುದಕ್ಕೆ ಕಾರಣ ಇದೇ.

ಫೋನನ್ನು ಅಜ್ಜಿಯ ಬಾಯಿಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಡಿ. ದೂರ ಅರ್ಧಕ್ಕೆ ಇಳಿದಾಗೆಲ್ಲ ನೇರ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಮಾರ್ದನಿ ಮಾತ್ರ ಇದ್ದಷ್ಟೇ ಇರುತ್ತದೆ. ಒಂದು ಮೀಟರಿನಿಂದ ಒಂದು ಗೇಣಿಗೆ ಬಂದರೆ 12 ಡೆಸಿಬೆಲ್ ಲಾಭ, ಅದೂ ಬಿಟ್ಟಿಯಾಗಿ. ಇಷ್ಟನ್ನು ಯಾವ ತಂತ್ರಾಂಶವೂ ಕೊಡಲಾರದು. ಫೋನು ಏರೋಪ್ಲೇನ್ ಮೋಡಿನಲ್ಲಿರಲಿ. ದನಿಯನ್ನು ಅದುಮಿ ಕಿರಿದು ಮಾಡದ ಡಬ್ಲ್ಯೂಎವಿ (WAV) ಕಡತ ಉಳಿಸುವ ರೆಕಾರ್ಡರ್ ಬಳಸಿ, ತಾನಾಗಿ ಸದ್ದು ತೆಗೆಯುವ ಆಯ್ಕೆ ಇದ್ದರೆ ನಿಲ್ಲಿಸಿ, ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಿ. ಮಳೆ ಹೊಳವಾದ ಮಧ್ಯಾಹ್ನ ನೋಡಿಕೊಂಡು, ಫ್ಯಾನು ಆರಿಸಿ ಒಂದೊಂದೇ ಹಾಡು ಹಾಡಿಸಿ. ನಡುವೆ ಕಿಟಕಿ ತೆರೆದು ಗಾಳಿ ಆಡಲು ಬಿಡಿ, ಬೆಚ್ಚಗೆ ಏನಾದರೂ ಕುಡಿಯಲು ಕೊಡಿ. ವಯಸ್ಸಾದವರು ಸೆಕೆಯಲ್ಲಿ ಬೇಗ ದಣಿಯುತ್ತಾರೆ.

ಹೊಸದು ಚೆನ್ನಾಗಿ ಬಂತೆಂದು ಹಳೆಯ ಕಡತ ಅಳಿಸಬೇಡಿ. ದೊಡ್ಡಾಯಿ ಎರಡನೆಯ ಸಲ ಹಾಡುವಾಗ ಹಸೆಗೆ ಕರೆಯುವ ಹಾಡಿನ ಎರಡು ನುಡಿ ಮರೆತರು. ನನಗೆ ಅದು ಗೊತ್ತಾಗಿದ್ದು ತಿಂಗಳ ಮೇಲೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ಸಾಹಿತ್ಯ ಬರೆದುಕೊಳ್ಳುವಾಗ. ಕೇಳೋಣವೆಂದರೆ ಅಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು. ಆ ಎರಡು ನುಡಿ ಈಗ ಗುಂಯ್ ಎನ್ನುವ ಮೊದಲ ಕಡತದಲ್ಲಿ ಮಾತ್ರ ಇವೆ.