ಅಡುಗೆಮನೆ ಪ್ರಶ್ನೋತ್ತರ: ಕ್ರೀಮ್ ಚೀಸ್‌ಗೆ ಬೆಣ್ಣೆಯೇ ಹತ್ತಿರದ ನೆಂಟ

ಪ್ರಶ್ನೆ: ಮಗನ ಟಿಫಿನ್ ಡಬ್ಬಿಗೆ ಪನೀರ್ ಪಲ್ಯದ ಬದಲು ಚಪಾತಿಗೆ ಕ್ರೀಮ್ ಚೀಸ್ ಸವರಿ ಕಳಿಸುತ್ತಿದ್ದೇನೆ. ಎರಡೂ ಹಾಲಿನದೇ ತಾನೆ, ಪ್ರೋಟೀನ್, ಕ್ಯಾಲ್ಸಿಯಂ ಅಷ್ಟೇ ಸಿಗುತ್ತದಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಸಿಗುವುದಿಲ್ಲ. ಎರಡು ದೊಡ್ಡ ಚಮಚ, ಅಂದರೆ ಸುಮಾರು 30 ಗ್ರಾಂ ಕ್ರೀಮ್ ಚೀಸ್‌ನಲ್ಲಿ 100 ಕ್ಯಾಲೊರಿ, 10 ಗ್ರಾಂ ಕೊಬ್ಬು ಇರುತ್ತದೆ. ಪ್ರೋಟೀನ್ ಮಾತ್ರ 2 ಗ್ರಾಂ ಕೂಡ ತುಂಬುವುದಿಲ್ಲ. ಅಷ್ಟೇ ತೂಕದ ಪನೀರಿನಲ್ಲಿ 5 ಗ್ರಾಂ ಮೇಲೆಯೇ ಇದೆ. ಕ್ರೀಮ್ ಚೀಸ್‌ನ ಕ್ಯಾಲ್ಸಿಯಂ 30 ಮಿಲಿಗ್ರಾಂ ಆಸುಪಾಸು. ಕಾಲು ಲೋಟ ಹಾಲು ಕುಡಿದರೆ ಇದರ ಎರಡರಷ್ಟು ಬಂತು.

ಲೆಕ್ಕ ಹೀಗೇಕೆ ಎಂದರೆ, ಪನೀರ್ ಬರೀ ಹಾಲು ಒಡೆಸಿ ಹಿಂಡಿದ್ದು. ಕ್ರೀಮ್ ಚೀಸ್‌ಗೆ ಹಾಲಿನ ಜೊತೆ ಕೆನೆಯನ್ನೂ ಧಾರಾಳವಾಗಿ ಸುರಿದು, ಹೆಪ್ಪು ಹಾಕಿ ಹುಳಿ ಬರಿಸುತ್ತಾರೆ. ಅಮೆರಿಕದ ನಿಯಮದಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ. 33 ಇರಬೇಕು, ನೀರಿನಂಶ ಶೇ. 55 ಮೀರಬಾರದು. ಅಲ್ಲಿಗೇ 88 ಆಯಿತು. ಉಳಿದ 12ರಲ್ಲಿ ಪ್ರೋಟೀನು, ಹಾಲಿನ ಸಕ್ಕರೆ, ಉಪ್ಪು ಎಲ್ಲವೂ ಹೊಂದಿಕೊಳ್ಳಬೇಕು.

ಹಾಗಂತ ಬಿಡಬೇಕಿಲ್ಲ. ಒಂದು ದೊಡ್ಡ ಚಮಚ ಬೆಣ್ಣೆಗೆ 100 ಕ್ಯಾಲೊರಿ ದಾಟುತ್ತದೆ, ಅಷ್ಟೇ ಕ್ರೀಮ್ ಚೀಸ್‌ಗೆ 50. ಬೆಣ್ಣೆಯ ಜಾಗದಲ್ಲಿ ಇದನ್ನು ಬಳಸಿದರೆ ಲಾಭ, ಪನೀರಿನ ಜಾಗದಲ್ಲಿ ಬಳಸಿದರೆ ನಷ್ಟ. ಡಬ್ಬಿಗೆ ಕಳಿಸುವಾಗ ಮೇಲೆ ಒಂದೂವರೆ ಚಮಚ ಶೇಂಗಾ ಚಟ್ನಿಪುಡಿ ಉದುರಿಸಿ; ಪ್ರೋಟೀನೂ ಸೇರುತ್ತದೆ, ಚೀಸ್‌ನ ಸಪ್ಪೆತನವೂ ಹೋಗುತ್ತದೆ. ಸೌತೆಕಾಯಿ ಇಡುವುದಾದರೆ ಬಿಲ್ಲೆಗಳನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ. ಇಲ್ಲದಿದ್ದರೆ ಉಪ್ಪಿಗೆ ನೀರು ಬಿಟ್ಟು ಮಧ್ಯಾಹ್ನಕ್ಕೆ ಚಪಾತಿ ಮುದ್ದೆ.

ಪ್ರಶ್ನೆ: ಕ್ರೀಮ್ ಚೀಸ್ ಕೇಳಿದರೆ ಅಂಗಡಿಯಲ್ಲಿ ಚೀಸ್ ಸ್ಪ್ರೆಡ್ ಕೊಟ್ಟು "ಎರಡೂ ಒಂದೇ" ಅಂದರು. ಹೌದೇ?
– ಓದುಗರು, ಮೈಸೂರು

ಉತ್ತರ: ಅಲ್ಲ. ಚೀಸ್ ಸ್ಪ್ರೆಡ್ ಎಂದರೆ ಗಟ್ಟಿ ಚೀಸನ್ನು ನೀರು, ಎಮಲ್ಸಿಫೈಯರ್ (ಜಿಡ್ಡು-ನೀರು ಬೇರೆಯಾಗದಂತೆ ಹಿಡಿಯುವ) ಲವಣಗಳ ಜೊತೆ ಬಿಸಿಮಾಡಿ ಅರೆದದ್ದು, ಉಪ್ಪು ಜಾಸ್ತಿ. ಬ್ರೆಡ್ಡಿಗೆ ನಡೆಯುತ್ತದೆ, ಚೀಸ್‌ಕೇಕಿಗೆ ಹಾಕಿದರೆ ಉಪ್ಪುಪ್ಪಾಗಿ ಕೆಡುತ್ತದೆ. ಕ್ರೀಮ್ ಚೀಸ್ ಡಬ್ಬಿಯ ಮೇಲೆ 410, 412 ಎಂಬ ಸಂಖ್ಯೆ ಕಂಡು ಹೆದರಬೇಡಿ. 410 ಎಂದರೆ ಕ್ಯಾರಬ್ ಎಂಬ ಮರದ ಬೀಜದ ಅಂಟು; 412 ಎಂದರೆ ಗ್ವಾರ್ ಗಮ್, ನಮ್ಮ ಗೋರಿಕಾಯಿಯ ಬೀಜದ ಅಂಟು. ಚೀಸ್ ನೀರು ಬಿಡದಂತೆ ಹಿಡಿದಿಡುವುದು ಇವುಗಳ ಕೆಲಸ.

ಪ್ರಶ್ನೆ: ಮನೆಯಲ್ಲೇ ಕ್ರೀಮ್ ಚೀಸ್ ಮಾಡಲು ಹೋದೆ. ಕುದಿಯುವ ಹಾಲಿಗೆ ನಿಂಬೆಹಣ್ಣು ಹಿಂಡಿ, ಬಟ್ಟೆಯಲ್ಲಿ ಕಟ್ಟಿ ಕಲ್ಲು ಹೇರಿದೆ. ಮಿಕ್ಸಿಗೆ ಹಾಕಿದರೂ ರವೆ ರವೆ. ತಪ್ಪು ಎಲ್ಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ನೀವು ಮಾಡಿದ್ದು ಒಳ್ಳೆಯ ಪನೀರ್! ಕುದಿಯುವಾಗ ಹುಳಿ ಬಿದ್ದರೆ ಪ್ರೋಟೀನ್ ಬಿಗಿಯಾಗಿ ಗಂಟುಕಟ್ಟುತ್ತದೆ. ಮೇಲೆ ಕಲ್ಲು ಹೇರಿದರೆ ಉಳಿದ ತೇವವೂ ಹೋಗುತ್ತದೆ. ಆಮೇಲೆ ಯಾವ ಮಿಕ್ಸಿಗೂ ಅದು ನುಣ್ಣಗಾಗದು.

1 ಲೀಟರ್ ಫುಲ್ ಕ್ರೀಮ್ ಹಾಲಿಗೆ ಶೇ. 25 ಕೊಬ್ಬಿನ ಪ್ಯಾಕೆಟ್ ಕ್ರೀಮ್ 200 ಮಿ.ಲೀ. ಬೆರೆಸಿ ಕಾಯಿಸಿ. ಉಕ್ಕಿ ಬರುವಾಗ ಒಲೆ ಆರಿಸಿ 3–4 ನಿಮಿಷ ಬಿಡಿ. 3 ದೊಡ್ಡ ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಸೇರಿಸಿ, ಚಮಚ ಚಮಚವಾಗಿ ಹಾಕುತ್ತ ಮೆಲ್ಲಗೆ ಕೈಯಾಡಿಸಿ. ತಿಳಿನೀರು ತುಸು ಹಸಿರು ಬಣ್ಣಕ್ಕೆ ತಿರುಗಿದ ಕೂಡಲೇ ನಿಲ್ಲಿಸಿ, ರಸ ಉಳಿದರೆ ಉಳಿಯಲಿ. ತೆಳು ಬಟ್ಟೆಗೆ ಸುರಿದು, ಒಂದು ಲೋಟ ತಣ್ಣೀರು ಹಾಯಿಸಿ, 20–30 ನಿಮಿಷ ಇಳಿಬಿಡಿ. ಭಾರ ಇಡಬಾರದು. ಅಂಗೈಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ಅಂಗೈ ಒದ್ದೆಯೂ ಆಗಬೇಕು.

ಉಗುರುಬೆಚ್ಚಗಿರುವಾಗಲೇ ಅರ್ಧ ಚಿಕ್ಕ ಚಮಚ ಉಪ್ಪಿನ ಜೊತೆ ಮಿಕ್ಸಿಗೆ ಹಾಕಿ. 20 ಸೆಕೆಂಡ್ ಓಡಿಸಿ, ನಿಲ್ಲಿಸಿ, ಅಂಚು ಕೆರೆದು ಮತ್ತೆ ಓಡಿಸಿ. ಒಂದೇ ಸಮನೆ ಓಡಿಸಿದರೆ ಜಾರ್ ಕಾದು ಜಿಡ್ಡು ಬೇರೆಯಾಗುತ್ತದೆ. ಬ್ಲೇಡ್ ಸಿಕ್ಕಿಕೊಂಡರೆ ಸೋಸಿದ ನೀರನ್ನೇ ಒಂದೊಂದು ಚಮಚ ಕೊಡಿ. ಎರಡು ಬೆರಳ ನಡುವೆ ತಿಕ್ಕಿದಾಗ ಕಣ ಸಿಗಬಾರದು. ಈಗ ತೆಳುವಾಗಿ ಕಂಡರೂ ಫ್ರಿಜ್‌ನಲ್ಲಿ 4 ಗಂಟೆ ಕೂತರೆ ಕೊಬ್ಬು ಗಟ್ಟಿಯಾಗಿ ಸರಿಯಾಗುತ್ತದೆ. ಸುಮಾರು 300 ಗ್ರಾಂ ಬರುತ್ತದೆ, 4–5 ದಿನದೊಳಗೆ ಮುಗಿಸಿ. ಸೋಸಿದ ನೀರು ಚಪಾತಿ ಹಿಟ್ಟು ಕಲಸಲು ಚೆನ್ನ.

ನಿಂಬೆಯ ಹುಳಿ ಬೇಡ, ಅಸಲಿ ರುಚಿಯೇ ಬೇಕು ಎನ್ನುವವರು ಇದೇ ಅಳತೆಯ ಹಾಲು-ಕೆನೆಯನ್ನು ಕಾಯಿಸಿ ಆರಿಸಿ, ಹೆಪ್ಪು ಹಾಕಿ, ಆ ಮೊಸರನ್ನು ಫ್ರಿಜ್‌ನಲ್ಲೇ 10–12 ಗಂಟೆ ಬಟ್ಟೆಯಲ್ಲಿ ಸೋರಲು ಬಿಡಬಹುದು. ನಮ್ಮ ಮತ ಇದಕ್ಕೇ.

ಪ್ರಶ್ನೆ: ಕ್ಯಾರೆಟ್ ಕೇಕಿನ ಮೇಲೆ ಹಚ್ಚುವ ಕ್ರೀಮ್ ಚೀಸ್ ಫ್ರಾಸ್ಟಿಂಗ್ ಪ್ರತಿ ಸಲ ಇಳಿದು ಹರಿಯುತ್ತದೆ. ಸಕ್ಕರೆ ಹೆಚ್ಚು ಹಾಕಿದಷ್ಟೂ ಇನ್ನೂ ನೀರು.
– ಓದುಗರು, ನ್ಯೂಜೆರ್ಸಿ

ಉತ್ತರ: ಸಕ್ಕರೆಯೇ ಚೀಸ್‌ನ ನೀರನ್ನು ಹೊರಗೆಳೆಯುತ್ತಿದೆ. ನಿಮ್ಮಲ್ಲಿ ಕ್ರೀಮ್ ಚೀಸ್ ಎರಡು ರೂಪದಲ್ಲಿ ಸಿಗುತ್ತದೆ. ಬ್ರೆಡ್ಡಿಗೆ ಸವರುವ ಡಬ್ಬಿಯದು ಮೆದು, ಅದು ಬೇಡ. ಹಾಳೆ ಸುತ್ತಿದ ಇಟ್ಟಿಗೆಯಂಥದ್ದನ್ನೇ ತನ್ನಿ. 115 ಗ್ರಾಂ ಮೆತ್ತಗಿನ ಬೆಣ್ಣೆಗೆ 250 ಗ್ರಾಂ ಐಸಿಂಗ್ ಶುಗರ್ ಹಾಕಿ ಮೊದಲು ಬೆಳ್ಳಗಾಗುವವರೆಗೆ ನೊರೆಯೆಬ್ಬಿಸಿ. ಕೊನೆಯಲ್ಲಿ, ತಂಪಾಗಿಯೇ ಇರುವ 225 ಗ್ರಾಂ ಕ್ರೀಮ್ ಚೀಸನ್ನು ನಾಲ್ಕು ಸಲ ಮಾಡಿ ಸೇರಿಸಿ, ಬೆರೆತ ತಕ್ಷಣ ನಿಲ್ಲಿಸಿ. ಸಕ್ಕರೆ ಆಗಲೇ ಬೆಣ್ಣೆಯ ಜಿಡ್ಡಿನಲ್ಲಿ ಹೂತಿರುವುದರಿಂದ ನೀರು ಎಳೆಯುವುದು ಕಡಿಮೆ. ಅಂದಹಾಗೆ ಇಂದಿನ ಕ್ರೀಮ್ ಚೀಸ್ 1870ರ ದಶಕದಲ್ಲಿ ತಯಾರಾದದ್ದು ನಿಮ್ಮ ಪಕ್ಕದ ನ್ಯೂಯಾರ್ಕ್ ರಾಜ್ಯದ ಚೆಸ್ಟರ್‌ನಲ್ಲಿ. ಡಬ್ಬಿಯ ಮೇಲೆ ಕಾಣುವ ಫಿಲಡೆಲ್ಫಿಯಾ ಎಂಬುದು ಅದು ಹುಟ್ಟಿದ ಊರಲ್ಲ, ಬರೀ ಬ್ರ್ಯಾಂಡಿನ ಹೆಸರು.

ಪ್ರಶ್ನೆ: ಗ್ರೇವಿಗೆ ಗೋಡಂಬಿ ಬದಲು ಕ್ರೀಮ್ ಚೀಸ್ ಹಾಕಬಹುದೇ? ಉಳಿದದ್ದನ್ನು ಫ್ರೀಜರ್‌ನಲ್ಲಿ ಇಡಬಹುದೇ?
– ಓದುಗರು, ಮಂಗಳೂರು

ಉತ್ತರ: ಹಾಕಿ. ನಾಲ್ವರ ಗ್ರೇವಿಗೆ 2 ದೊಡ್ಡ ಚಮಚ ಸಾಕು. ನೇರವಾಗಿ ಬಾಣಲೆಗೆ ಬಿಟ್ಟರೆ ಬಿಳಿ ಗುಳ್ಳೆಗಳಾಗಿ ತೇಲುತ್ತದೆ. ಬಟ್ಟಲಲ್ಲಿ ಒಂದು ಸೌಟು ಬಿಸಿ ಗ್ರೇವಿಯೊಂದಿಗೆ ಕದಡಿ, ಒಲೆ ಆರಿಸಿದ ಮೇಲೆ ಸೇರಿಸಿ. ಟೊಮೆಟೊ ಹುಳಿಯ ಜೊತೆ ಮತ್ತೆ ಕುದಿಸಿದರೆ ಒಡೆಯುತ್ತದೆ.

ಫ್ರೀಜರ್‌ನಲ್ಲಿ ಮಂಜುಹರಳು ಕಟ್ಟಿ, ಕರಗಿದಾಗ ಪುಡಿಪುಡಿಯಾಗುತ್ತದೆ. ಗ್ರೇವಿಗೆ ಅಡ್ಡಿಯಿಲ್ಲ, ಸವರಲು ಬಾರದು. ತೆರೆದ ಡಬ್ಬಿಯನ್ನು ಫ್ರಿಜ್‌ನಲ್ಲಿಟ್ಟು ಹತ್ತು ದಿನದೊಳಗೆ ಮುಗಿಸಿ, ಒಣ ಚಮಚವನ್ನೇ ಬಳಸಿ. ಒಂದು ಚುಕ್ಕೆ ಬೂಷ್ಟು ಕಂಡರೂ ಇಡೀ ಡಬ್ಬಿ ಎಸೆಯಿರಿ. ಗಟ್ಟಿ ಚೀಸ್‌ನಂತೆ ಮೇಲಿನದ್ದಷ್ಟೇ ಕೆತ್ತಿ ತಿನ್ನಲಾಗದು. ಇಷ್ಟು ಮೆದುವಾದದ್ದರಲ್ಲಿ ಬೂಷ್ಟು ಕಣ್ಣಿಗೆ ಕಾಣದಂತೆ ಒಳಗಿಳಿದಿರುತ್ತದೆ.