ಆ ಸಿನಿಮಾ ಮಕ್ಕಳಿಗೆ ತೋರಿಸಲಾ, ಬೇಡವಾ?

ಅಕ್ಕಾ, ನಾವು ಕೊಡಗಿನ ಮಕ್ಕಂದೂರು ಕಡೆಯವರು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ ಹೋಯಿತು. ಈಗ ಕುಶಾಲನಗರದಲ್ಲಿ ಬಾಡಿಗೆಗೆ ಇದ್ದೇವೆ. ಮಗಳಿಗೆ 15, ಮಗನಿಗೆ 13. ಪ್ರವಾಹದಲ್ಲಿ ಮಗುವನ್ನು ಕಳೆದುಕೊಂಡ ಸಂಸಾರದ ಕಥೆಯ ಒಂದು ಸಿನಿಮಾ ನೋಡಬೇಕು ಅಂತ ಮಗಳ ಹಟ. ಅವಳ ಗೆಳತಿಯರೆಲ್ಲ ನೋಡಿದ್ದಾರಂತೆ. ನಾನು ಮೊದಲು ಒಬ್ಬಳೇ ನೋಡಿದೆ. ಎರಡು ದಿನ ಊಟ ಸೇರಲಿಲ್ಲ. ಹೊಡೆದಾಟ, ಕೆಟ್ಟ ಮಾತು ಒಂದೂ ಇಲ್ಲ, ಸರ್ಟಿಫಿಕೇಟ್ ಯು/ಎ 13+. ಯಜಮಾನರು ‘ನೋಡಲಿ ಬಿಡು, ಗಟ್ಟಿಯಾಗ್ತಾರೆ’ ಅಂತಾರೆ. ಮಗ ಮಾತ್ರ ಇವತ್ತಿಗೂ ಜೋರು ಮಳೆ ಹಿಡಿದರೆ ಸ್ಕೂಲ್ ಬ್ಯಾಗ್ ತಂದು ಬಾಗಿಲ ಹತ್ತಿರ ಇಟ್ಟುಕೊಂಡೇ ಮಲಗುತ್ತಾನೆ. ಏನು ಮಾಡಲಿ?

ತಂಗೀ, ಮೊದಲು ನೀವೇ ನೋಡಿದಿರಲ್ಲ, ಅರ್ಧ ಕೆಲಸ ಆಯಿತು. ಎಷ್ಟೋ ಜನ ಪೋಸ್ಟರ್ ನೋಡಿಯೇ ತೀರ್ಮಾನ ಮಾಡಿಬಿಡುತ್ತಾರೆ.

ಸರ್ಟಿಫಿಕೇಟ್ ವಿಷಯ ಬೇಗ ಮುಗಿಸೋಣ. ಮೊದಲು ಯು/ಎ ಅಂತ ಒಂದೇ ಇತ್ತು. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯಲ್ಲಿ ಅದನ್ನೇ 7+, 13+, 16+ ಅಂತ ಮೂರು ಮಾಡಿದರು. ಅದು ಹೆತ್ತವರಿಗೆ ಕೊಟ್ಟ ಸೂಚನೆ, ಅಷ್ಟೇ. ನಿಮ್ಮ ಮನೆಯ 13 ವರ್ಷದ ಹುಡುಗ ಆರನೇ ವಯಸ್ಸಿಗೆ ಏನು ನೋಡಿದ್ದಾನೆ ಅನ್ನುವುದು ಸರ್ಟಿಫಿಕೇಟ್ ಕೊಡುವವರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಇಬ್ಬರಿಗೂ ಒಂದೇ ಉತ್ತರ ಬೇಡ. ಮಗಳು ನೋಡಲಿ. ಬೇಡ ಅಂದರೆ ರಗ್ಗಿನೊಳಗೆ ಮೊಬೈಲ್ ಹಿಡಿದು ಒಬ್ಬಳೇ ನೋಡುತ್ತಾಳೆ. ಕಥೆಯಂತೂ ಗೆಳತಿಯರಿಂದ ಗೊತ್ತಾಗಿಯೇ ಇರುತ್ತದೆ. ನೀವು ಪಕ್ಕದಲ್ಲಿ ಕೂತುಕೊಳ್ಳಿ. ರಾತ್ರಿ ಬೇಡ, ಭಾನುವಾರ ಮಧ್ಯಾಹ್ನ ಹಾಕಿ. ಮಳೆಗಾಲವೂ ಬೇಡ. ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತಲ್ಲ, ಸರಿಯಾಗಿ ಅಳುವ ಸೀನಿಗೇ ಹೋಗುತ್ತದೆ! ನಗಬೇಡಿ. ಮಗು ನೀರಿಗೆ ಹೋದಲ್ಲಿಗೆ ನಿಂತರೆ ಆ ರಾತ್ರಿಯೆಲ್ಲ ಅದೇ ತಲೆಯಲ್ಲಿ ಉಳಿಯುತ್ತದೆ. ಆ ಸಂಸಾರ ಮುಂದೆ ಹೇಗೋ ಬದುಕಿತು ಅನ್ನುವ ತನಕ ಅವಳು ನೋಡಬೇಕು.

ಇನ್ನು ಒಂದು ಮಾತು ಕೇಳಲಾ? ನಿಮ್ಮ ಹೆದರಿಕೆ ಅವಳು ಸಿನಿಮಾ ನೋಡುವುದಕ್ಕೋ, ನೀವು ಅಳುವುದನ್ನು ಅವಳು ನೋಡುವುದಕ್ಕೋ? ಪತ್ರ ಓದಿದಾಗ ನನಗೆ ಎರಡನೆಯದೇ ಜಾಸ್ತಿ ಅನ್ನಿಸಿತು. ಅಳು ಬಂದರೆ ಅತ್ತುಬಿಡಿ. ‘ನನಗೆ ನಮ್ಮ ಹಳೇ ಮನೆ ನೆನಪಾಯ್ತು’ ಅಂತ ಹೇಳಿ. ಆ ಮನೆಯ ಮಾತು ನಿಮ್ಮಲ್ಲಿ ಯಾರೂ ಎತ್ತುವುದಿಲ್ಲ ಅಂತ ಕಾಣುತ್ತೆ.

ಮಗನಿಗೆ ಸದ್ಯಕ್ಕೆ ಬೇಡ. ಆದರೆ ‘ನೀನು ಚಿಕ್ಕವನು’ ಅಂತ ಮಾತ್ರ ಅನ್ನಬೇಡಿ, 13ರ ಹುಡುಗರಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಕಥೆಯನ್ನು ಕೊನೆಯವರೆಗೂ ನೀವೇ ಹೇಳಿ. ‘ಮಳೆ ನಿಂತ ಮೇಲೆ ಬೇಕಾದರೆ ನೋಡೋಣ, ಬೇಡ ಅನ್ನಿಸಿದರೆ ಮಧ್ಯದಲ್ಲೇ ಎದ್ದು ಹೋಗಬಹುದು’ ಅನ್ನಿ. ರಿಮೋಟ್ ಅವನ ಕೈಯಲ್ಲೇ ಇರಲಿ.

ಯಜಮಾನರಿಗೆ ಹೇಳಿ, ಸುಟ್ಟರೆ ಗಟ್ಟಿಯಾಗುವುದು ಇಟ್ಟಿಗೆ, ಮಕ್ಕಳಲ್ಲ. ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮನೆ ಹೋದದ್ದು ಅವರದ್ದೂ ಅಲ್ವಾ?

ಸಿನಿಮಾ ನೋಡಿಯೋ ನೋಡದೆಯೋ, ಇಬ್ಬರಲ್ಲಿ ಯಾರಿಗಾದರೂ ವಾರಗಟ್ಟಲೆ ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಸ್ಕೂಲಿಗೆ ಹೋಗಲ್ಲ ಅಂದರೆ ಸುಮ್ನೆ ಕೂರಬೇಡಿ. ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ ಇದೆ, ಟೆಲಿ ಮಾನಸ್ ಅಂತ. ಅದರ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ.

ಅದಕ್ಕೂ ಮೊದಲು ಒಂದು ದಿನ, ಮಳೆ ಇಲ್ಲದ ಹೊತ್ತಲ್ಲಿ, ಆ ಬ್ಯಾಗಿನಲ್ಲಿ ಏನೇನು ಇಟ್ಟುಕೊಳ್ಳುತ್ತೀಯ ಅಂತ ಮಗನನ್ನು ಕೇಳಿ. ಬೈಯಬೇಡಿ, ನಗಬೇಡಿ. ‘ನನ್ನದೊಂದು ಸೀರೆಗೆ ಜಾಗ ಇದೆಯೇನೋ?’ ಅಂತ ಕೇಳಿ ನೋಡಿ.